ನೂಹರ ಆಯುಷ್ಯ, ನಮ್ಮ ಆಯುಷ್ಯ



ಪ್ರವಾದಿ ನೂಹ್(ಅ)ರ ಚರಿತ್ರೆ ಓದುವಾಗ ನಾವು ಮೊದಲು ಬೆರಗಾಗುವುದು ಅವರ ಆಯುಷ್ಯಕ್ಕೆ. ಅವರು ತಮ್ಮ ಜನಾಂಗದ ನಡುವೆ 950 ವರ್ಷ ಇದ್ದರೆಂದು ಸೂರಃ ಅಲ್ ಅನ್‌ಕಬೂತ್‌ನ 14ನೇ ವಚನ ತಿಳಿಸುತ್ತದೆ. ಮುಳ್ಳೂರಿನ ನಮ್ಮ ಕುರ್‌ಆನ್ ತರಗತಿಯಲ್ಲಿ ಇದನ್ನು ಓದಿದಾಗ, ಮಗುವನ್ನು ಕಳೆದುಕೊಂಡ ತಾಯಿಯೊಬ್ಬರು ಕೇಳಿದರು: “ಆಪಾ, ಅವರಿಗೆ ಅಷ್ಟು ವರ್ಷ ಕೊಟ್ಟ ಅಲ್ಲಾಹ್ ನನ್ನ ಮಗನಿಗೆ ನಾಲ್ಕೇ ವರ್ಷ ಕೊಟ್ಟನಲ್ಲ, ಅವನು ಅಲ್ಲಾಹನಿಗೆ ಬೇಡವಾದನೇ?”

ವಚನವನ್ನೇ ಮತ್ತೆ ನೋಡೋಣ ಎಂದೆ. ವ್ಯಾಖ್ಯಾನಕಾರರಲ್ಲಿ ಹಲವರು ಅದನ್ನು ಅವರ ಧರ್ಮಬೋಧನೆಯ ಅವಧಿ ಎನ್ನುತ್ತಾರೆ. ಅಷ್ಟು ಕಾಲ ಕರೆದರೂ ವಿಶ್ವಾಸವಿಟ್ಟವರು ಕೆಲವರೇ. ಅವರ ಕಣ್ಣೆದುರಿಗೇ ಸ್ವಂತ ಮಗ ಪ್ರಳಯದಲ್ಲಿ ಮುಳುಗಿದ. ದೀರ್ಘಾಯುಷ್ಯ ಅವರನ್ನು ಪುತ್ರಶೋಕದಿಂದ ಕಾಪಾಡಲಿಲ್ಲ.

ಪ್ರವಾದಿ ಮುಹಮ್ಮದ್(ಸ)ರು ಬದುಕಿದ್ದು ಚಾಂದ್ರಮಾನದ ಲೆಕ್ಕದಲ್ಲಿ 63 ವರ್ಷ. ಆಯುಷ್ಯವೇ ಅಲ್ಲಾಹನ ಪ್ರೀತಿಯ ಅಳತೆಯಾಗಿದ್ದರೆ ಅವರಿಗೇ ಎಲ್ಲರಿಗಿಂತ ಹೆಚ್ಚು ಸಿಗಬೇಕಿತ್ತು. ಅವರ ಮಗ ಇಬ್ರಾಹೀಮ್ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಾಗ ಅವರೂ ಕಣ್ಣೀರು ಸುರಿಸಿದರು. ಆದರೆ ಪ್ರಭುವಿಗೆ ಮೆಚ್ಚಿಗೆಯಾಗದ ಮಾತಾಡಲಿಲ್ಲ.

ಸಹೋದರಿಯರೇ, ಅಗಲಿದ ಮಕ್ಕಳಿಗಾಗಿ ಅಳುವುದು ತಪ್ಪಲ್ಲ. ಅವರ ವರ್ಷಗಳನ್ನೆಣಿಸಿ ಅಲ್ಲಾಹನ ಪ್ರೀತಿಯನ್ನು ಮಾತ್ರ ಅಳೆಯಬೇಡಿ. ಯಾವ ಮನುಷ್ಯನಿಗೂ ಇಲ್ಲಿ ಶಾಶ್ವತ ಬದುಕಿಲ್ಲ. ನಮಗುಳಿದ ದಿನಗಳು ಸಹನೆಯಲ್ಲೂ ಸತ್ಕರ್ಮದಲ್ಲೂ ಕಳೆಯಲೆಂದು ದುಆ ಮಾಡೋಣ.