ಇರುಳ ಹಾದಿಯ ಭಾಗವತ

ಉಡುಪಿಯಿಂದ ಮಲ್ಪೆಯ ಕಡಲಿಗೆ ಹೊರಟ ಪಯಣಿಗನಿಗೆ ಪೇಟೆಯ ಅಂಚಿನಲ್ಲಿ ಆದಿ ಉಡುಪಿ ಎದುರಾಗುತ್ತದೆ. ಬುಧವಾರವಾದರೆ ಸಂತೆಯ ಗದ್ದಲ. ಉಳಿದ ದಿನಗಳಲ್ಲಿ ಬಂದರಿನಿಂದ ಮೀನು ಹೊತ್ತು ಬರುವ ವಾಹನಗಳ ಸಾಲು. ಕಡಲಿನ ಆಸೆಯನ್ನು ಒಂದು ದಿನಕ್ಕೆ ಬದಿಗಿಟ್ಟು, ಸಮೀಪದ ಹೆದ್ದಾರಿಯನ್ನು ಹಿಡಿದು ಉತ್ತರಕ್ಕೆ ತಿರುಗಿದವನಿಗೆ ಬೇರೊಂದು ಲೋಕವೇ ತೆರೆದುಕೊಳ್ಳುತ್ತದೆ. ಕಲ್ಯಾಣಪುರದ ಬಳಿ ಸ್ವರ್ಣಾ ನದಿ, ಬ್ರಹ್ಮಾವರವನ್ನು ದಾಟಿದರೆ ಮಾಬುಕಳದಲ್ಲಿ ಸೀತಾ ನದಿ. ಸಾಸ್ತಾನವನ್ನು ಕಳೆದು, ಗುರುನರಸಿಂಹನ ಸಾಲಿಗ್ರಾಮವನ್ನು ಮುಟ್ಟುವ ಮೊದಲು ಸಿಗುವ ಗ್ರಾಮವೇ ಗುಂಡ್ಮಿ. ತೆಂಗು, ಗದ್ದೆ, ದೂರದ ಅಲೆಗಳ ಮೊರೆತ. ನೋಡಲು ಕರಾವಳಿಯ ನೂರು ಹಳ್ಳಿಗಳಲ್ಲಿ ಒಂದು. ಆದರೆ ಯಕ್ಷಗಾನದ ರಸಿಕರಿಗೆ ಈ ಹೆಸರು ಕಿವಿಗೆ ಬಿದ್ದೊಡನೆ ಒಂದು ಕಂಠ ನೆನಪಾಗುತ್ತದೆ.

ಅದು ಕಾಳಿಂಗ ನಾವಡರ ಕಂಠ. 1958ರಲ್ಲಿ ಹುಟ್ಟಿದ ಅವರಿಗೆ ಹಾಡುಗಾರಿಕೆ ಮನೆಯ ಸೊತ್ತು. ತಂದೆ ಗುಂಡ್ಮಿ ರಾಮಚಂದ್ರ ನಾವಡರು ಸ್ವತಃ ಭಾಗವತರು. ಇತರ ಮಕ್ಕಳು ಮಗ್ಗಿಯನ್ನು ಉರುಹೊಡೆಯುವ ವಯಸ್ಸಿನಲ್ಲಿ ಭಾಗವತರ ಮನೆಯ ಮಗುವಿನ ಕಿವಿಗೆ ತಾಳದ ಲೆಕ್ಕವೂ ಬೀಳುತ್ತದೆ. ಮದ್ದಳೆಯ ನುಡಿತ, ಚೆಂಡೆಯ ಪೆಟ್ಟು, ಪದ್ಯದ ನಡೆ, ಇವೆಲ್ಲ ಪಾಠವೆಂದು ತಿಳಿಯುವ ಮೊದಲೇ ಮೈಗೂಡುತ್ತವೆ.

ಆದರೆ ಮನೆಯಲ್ಲಿ ಹಾಡುವುದು ಬೇರೆ, ಮೇಳದಲ್ಲಿ ಹಾಡುವುದು ಬೇರೆ. ಮೇಳವೆಂಬುದು ದೀಪಾವಳಿಯ ಅನಂತರ ಹೊರಟು ಮಳೆಗಾಲದ ಹೊಸ್ತಿಲಿನವರೆಗೆ ಊರೂರು ಅಲೆಯುವ ಸಂಸಾರ. ಹಗಲು ಪಯಣ ಮತ್ತು ನಿದ್ದೆ, ಇರುಳು ಆಟ. ಅಲ್ಲಿ ಏರಬೇಕಾದ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಕೋಡಂಗಿ, ಬಾಲಗೋಪಾಲರ ಕುಣಿತ ನಡೆಯುವ ಮುನ್ನಿರುಳಿನಲ್ಲಿ, ಪ್ರೇಕ್ಷಕರು ಇನ್ನೂ ಬಂದು ಸೇರುತ್ತಿರುವಾಗ ಹಾಡುವವನು ‘ಸಂಗೀತಗಾರ’. ಇರುಳು ಮಾಗಿದ ಮೇಲೆ, ಕಥೆಯ ಮುಖ್ಯ ಭಾಗಕ್ಕೆ, ಪ್ರಧಾನ ಭಾಗವತರು ಬಂದು ಕೂರುತ್ತಾರೆ. ಎಳೆಯನಾದವನು ಎದ್ದು ಜಾಗ ಬಿಡಬೇಕು. ಬಿಟ್ಟ ಮೇಲೆ ಮಲಗದೆ ಕೇಳಬೇಕು. ಕಲಿಕೆ ನಡೆಯುವುದು ಈ ಕೇಳುವ ಹೊತ್ತಿನಲ್ಲಿಯೇ.

ನಾವಡರಿಗೆ ಹೀಗೆ ಕೇಳಲು ದೊರೆತವರು ನಾರಣಪ್ಪ ಉಪ್ಪೂರರು. ‘ಹಲವು ಮಕ್ಕಳ ತಾಯಿ’ಯೆಂದು ಹೆಸರಾದ ಕೋಟದ ಅಮೃತೇಶ್ವರಿಯ ಮೇಳಕ್ಕೆ ಅವರು ಪ್ರಧಾನ ಭಾಗವತರು, ಬಡಗುತಿಟ್ಟಿನ ಸಂಪ್ರದಾಯ ನಿಷ್ಠೆಗೆ ಮಾದರಿ. ಭಾಗವತನು ಕೇವಲ ಗಾಯಕನಲ್ಲ, ಆಟದ ಸೂತ್ರಧಾರ. ಪದ್ಯವನ್ನು ಎಲ್ಲಿ ಏರಿಸಬೇಕು, ವೇಷಧಾರಿಯ ಮಾತನ್ನು ಎಲ್ಲಿ ತಡೆಯಬೇಕು, ತೂಕಡಿಸುವ ಸಭೆಯನ್ನು ಬೆಳಗಿನ ಜಾವ ಹೇಗೆ ಎಬ್ಬಿಸಬೇಕು ಎಂಬುದೆಲ್ಲ ಅವನ ತಾಳದ ತುದಿಯಲ್ಲಿದೆ. ಈ ವಿದ್ಯೆಯನ್ನು ನಾವಡರು ಅಂತಹ ಗುರುವಿನಿಂದ ಪಡೆದರು.

ಮುಂದೆ ಸಾಲಿಗ್ರಾಮದ ಡೇರೆ ಮೇಳದಲ್ಲಿ ಅವರೇ ಪ್ರಧಾನ ಭಾಗವತರಾದಾಗ, ಕಲಿತದ್ದಕ್ಕೆ ತಮ್ಮದನ್ನು ಸೇರಿಸಿದರು. ಯಕ್ಷಗಾನದಲ್ಲಿ ಬಳಕೆಯಿಲ್ಲದ ರಾಗಗಳು ರಂಗಸ್ಥಳಕ್ಕೆ ಬಂದವು. ‘ನಾಗಶ್ರೀ’, ‘ಚೆಲುವೆ ಚಿತ್ರಾವತಿ’ ಮೊದಲಾದ ಪ್ರಸಂಗಗಳನ್ನು ಅವರೇ ರಚಿಸಿದರು. ಟಿಕೇಟಿನ ಡೇರೆಗಳು ತುಂಬಿದವು. ವೇಷಕ್ಕಾಗಿ ಬರುತ್ತಿದ್ದವರು ಪದ್ಯಕ್ಕಾಗಿ ಬರತೊಡಗಿದರು. ಹಳಬರಲ್ಲಿ ಕೆಲವರು ಹುಬ್ಬು ಗಂಟಿಕ್ಕಿದ್ದೂ ಉಂಟು. ಪುರಾಣವನ್ನು ಬಿಟ್ಟ ಕಥೆ, ಸಂಗೀತ ಕಚೇರಿಯ ಛಾಯೆಯ ರಾಗ, ಇವು ಆಟವನ್ನು ಎಲ್ಲಿಗೆ ಒಯ್ಯುತ್ತವೆ ಎಂಬ ಅವರ ಅಳುಕು ನಿರಾಧಾರವಾಗಿರಲಿಲ್ಲ. ಆದರೆ ಹಳೆಯ ಮಟ್ಟುಗಳನ್ನು ಅರಿಯದೆ ಹೊಸದಕ್ಕೆ ಕೈಹಾಕಿದವರಲ್ಲ ನಾವಡರು. ಉಪ್ಪೂರರ ಬಳಿ ನಿದ್ದೆಗೆಟ್ಟು ಕಲಿತುದೇ ಅವರ ಧೈರ್ಯಕ್ಕೆ ಬುಡವಾಗಿತ್ತು.

ಮೇಳದ ಬಾಳು ಹಾದಿಯ ಬಾಳು. ಆ ಹಾದಿಯೇ ಅವರನ್ನು ಕಸಿದುಕೊಂಡಿತು. 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ಕಾಳಿಂಗ ನಾವಡರು ತೀರಿಕೊಂಡರು. ವಯಸ್ಸು ಮೂವತ್ತೆರಡರ ಆಸುಪಾಸು. ಅನೇಕ ಭಾಗವತರ ಕಂಠ ಪಕ್ವವಾಗತೊಡಗುವ ಕಾಲದಲ್ಲಿ ಈ ಕಂಠ ನಿಂತೇಹೋಯಿತು.

ಇಂದು ಭಾಗವತಿಕೆಯನ್ನು ಕಲಿಯಲು ಶಾಲೆಗಳಿವೆ. ಉಡುಪಿಯಲ್ಲಿಯೇ 1971ರಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಇರುಳಿಡೀ ನಡೆಯುತ್ತಿದ್ದ ಆಟ ಎಷ್ಟೋ ಕಡೆ ಮೂರು ಗಂಟೆಗಳ ಕಾಲಮಿತಿಗೆ ಒಗ್ಗಿದೆ. ನಡುರಾತ್ರಿಯ ಅನಂತರ ಎದ್ದು ಕೂತು ಕೇಳುವ ಎಳೆಯರಿಗೆ ಆ ಹೊತ್ತೇ ವಿರಳವಾಗಿದೆ.

ಗುಂಡ್ಮಿಯಿಂದ ಕತ್ತಲಲ್ಲಿ ಮರಳುವ ಪಯಣಿಗನಿಗೆ, ಸುಗ್ಗಿಯ ತಿಂಗಳಾದರೆ, ಕೊಯ್ಲು ಮುಗಿದ ಯಾವುದೋ ಗದ್ದೆಯಿಂದ ಚೆಂಡೆಯ ಸದ್ದು ಕೇಳಿಬರುವುದುಂಟು. ಆದಿ ಉಡುಪಿಯ ದೀಪಗಳು ಕಾಣುವವರೆಗೂ ಅದು ಕಿವಿಯಲ್ಲಿ ಉಳಿಯುತ್ತದೆ. ಆ ಗದ್ದೆಯಲ್ಲಿ ಮುನ್ನಿರುಳಿನ ಪದ್ಯ ಹೇಳಿ ಮುಗಿಸಿದ ಒಬ್ಬ ಹುಡುಗ, ಜಾಗ ಬಿಟ್ಟು, ಮಲಗದೆ ಕೇಳುತ್ತಿದ್ದರೆ ನಾವಡರ ಹಾದಿ ಮುಂದುವರಿದಿದೆಯೆಂದೇ ಅರ್ಥ.