ಎರಡನೆಯ ಹಾಳೆ

ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಒಂದೂವರೆ. ಲ್ಯಾಪ್‌ಟಾಪಿನಲ್ಲಿ ‘ಫ್ಲೋರೈಡ್’ ಎಂಬ ಪದ ಮುರಿದು ಬಿದ್ದಿತ್ತು. ಫ ಒಂದು ಕಡೆ, ಹಲಂತದ ಗುರುತು ಇನ್ನೊಂದು ಕಡೆ, ಒತ್ತಾಗಿ ಕೆಳಗಿಳಿಯಬೇಕಿದ್ದ ಲ ಪೂರ್ತಿ ಗಾತ್ರದಲ್ಲಿ ಪಕ್ಕಕ್ಕೆ ನಿಂತಿತ್ತು.

ನನ್ನ ಪಿಎಚ್‌ಡಿ ಪಾವಗಡದ ಕಡೆಯ ಕೊಳವೆಬಾವಿ ನೀರಿನ ಮೇಲೆ. ಮಾದರಿ ಕೊಟ್ಟ 180 ಮನೆಗಳಿಗೂ ಕನ್ನಡದಲ್ಲೇ ವರದಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಎಕ್ಸೆಲ್‌ನ ಒಂದೊಂದು ಸಾಲು ಓದಿ ಮನೆಗೊಂದು ಪಿಡಿಎಫ್ ಮಾಡುವ ಪೈಥಾನ್ ಪ್ರೋಗ್ರಾಂ ಬರೆದೆ. ಇಂಗ್ಲಿಷಿನಲ್ಲಿ ಅರ್ಧ ದಿನದ ಕೆಲಸ. ಕನ್ನಡಕ್ಕೆ ಬದಲಿಸಿದಾಗ ಮೊದಲು ಬರೀ ಚೌಕಗಳು ಬಂದವು. ಫಾಂಟಿನಲ್ಲಿ ಕನ್ನಡವೇ ಇರಲಿಲ್ಲ. ನೋಟೋ ಸಾನ್ಸ್ ಕನ್ನಡ ಸೇರಿಸಿದೆ. ಚೌಕ ಹೋಗಿ ಈ ಮುರುಕು ಅಕ್ಷರ ಬಂತು.

ಕಾರಣ ತಿಳಿಯಲು ಎರಡು ರಾತ್ರಿ ಬೇಕಾಯಿತು. ಯೂನಿಕೋಡ್‌ನಲ್ಲಿ ‘ಫ್ಲ’ ಎಂಬುದು ಒಂದು ಅಕ್ಷರವಲ್ಲ. ಫ, ಹಲಂತ, ಲ ಎಂಬ ಮೂರು ಸಂಕೇತಗಳ ಸಾಲು. ಅವನ್ನು ಕೂಡಿಸಿ ಒತ್ತಾಗಿಸುವವರು ಬೇರೆ ಯಾರೋ ಇರಬೇಕು. ಬ್ರೌಸರ್‌ಗಳಲ್ಲಿ ಆ ಕೆಲಸವನ್ನು ಹಾರ್ಫ್‌ಬಝ್‌ನಂಥ ತಂತ್ರಾಂಶ ಸದ್ದಿಲ್ಲದೆ ಮಾಡುತ್ತದೆ. ನಾನು ಬಳಸಿದ ಲೈಬ್ರರಿ ಅದನ್ನು ಮಾಡುತ್ತಿರಲಿಲ್ಲ. ಬಂದ ಸಂಕೇತಗಳನ್ನು ಬಂದ ಹಾಗೆ ಹಾಳೆಗೆ ಅಂಟಿಸುತ್ತಿತ್ತು. ಕೊನೆಗೆ ವರದಿಯನ್ನು ಎಚ್‌ಟಿಎಂಎಲ್‌ನಲ್ಲಿ ಬರೆದು, ಬ್ರೌಸರಿನಿಂದಲೇ ಪಿಡಿಎಫ್ ಮಾಡಿಸಿದೆ. ಒತ್ತುಗಳು ಜಾಗಕ್ಕೆ ಬಂದವು. ಒಂದರ ಮೇಲೊಂದು ತಾಗದಿರಲೆಂದು ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿದೆ. ಎರಡು ಮೂರು ವರದಿ ತೆರೆದು ನೋಡಿದೆ, ಚೆಂದವಾಗಿದ್ದವು. ಊರಿನ ಆಶಾ ಕಾರ್ಯಕರ್ತೆಯೊಬ್ಬರು ಮನೆಮನೆಗೆ ಹಂಚಿದರು.

ಮೂರು ವಾರ ಬಿಟ್ಟು ಊರಿಗೆ ಹೋದಾಗ ಅಜ್ಜಿಯೊಬ್ಬರು ಕೊಳವೆಬಾವಿಯ ನೀರನ್ನೇ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಮೊದಲ ಸಲ ಹೋದಾಗ ಶುದ್ಧ ನೀರಿನ ಘಟಕದ ಕ್ಯಾನ್ ಇತ್ತು.

“ಕ್ಯಾನ್ ನೀರು ಬಿಟ್ರಾ ಅಜ್ಜಿ?”

“ಇನ್ಯಾಕವ್ವ ದುಡ್ಡು ದಂಡ? ನಮ್ ನೀರು ಚೆನ್ನಾಗೈತೆ ಅಂತ ನೀನೇ ಬರ್ಕೊಟ್ಟಿದ್ಯಲ್ಲ!”

ದೇವರ ಪಟದ ಹಿಂದಿಟ್ಟಿದ್ದ ಹಾಳೆ ತಂದರು. ಅಜ್ಜಿಯ ಹೆಸರಿನ ಮೂರು ಒತ್ತಕ್ಷರಗಳೂ ಸರಿಯಾಗಿದ್ದವು. ಪಿಎಚ್, ಗಡಸುತನ, ನೈಟ್ರೇಟ್, ಎಲ್ಲದರ ಮುಂದೆ ‘ಸರಿ’. ಕೋಷ್ಟಕ ಅಲ್ಲಿಗೇ ಮುಗಿದಿತ್ತು. ಕೊನೆಯ ಸಾಲು ಫ್ಲೋರೈಡ್‌ನದು. ಅದು ಹಾಳೆಯಲ್ಲಿರಲೇ ಇಲ್ಲ.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅಜ್ಜಿಯ ನೀರಿನಲ್ಲಿ 2.3 ಇತ್ತು. ಕುದಿಸಿದರೂ ಹೋಗುವಂಥದ್ದಲ್ಲ ಅದು.

ಅಂದು ರಾತ್ರಿ ಫೈಲು ತೆರೆದೆ. ಒತ್ತುಗಳಿಗೆಂದು ನಾನು ಬಿಟ್ಟ ಜಾಗವೇ ಕೋಷ್ಟಕವನ್ನು ಕೆಳಕ್ಕೆ ತಳ್ಳಿತ್ತು. ಹೆಸರು, ವಿಳಾಸ ಉದ್ದವಾಗಿ ಎರಡು ಸಾಲಿಗೆ ಹರಿದ ಮನೆಗಳಲ್ಲಿ ಕೊನೆಯ ಸಾಲು ಎರಡನೆಯ ಹಾಳೆಗೆ ಹೋಗಿತ್ತು. ಆ ಹಾಳೆಯಲ್ಲಿ ಮನೆಯ ಹೆಸರಿಲ್ಲ, ತಲೆಬರಹವಿಲ್ಲ, ‘ಫ್ಲೋರೈಡ್ 2.3’ ಅಷ್ಟೇ. ಪ್ರಿಂಟ್ ಹಾಕಿದ ಜೆರಾಕ್ಸ್ ಅಂಗಡಿಯ ಹುಡುಗ ಯಾರದೆಂದು ತಿಳಿಯದ ಆ ಹಾಳೆಗಳನ್ನು ವೇಸ್ಟ್ ಎಂದು ತೆಗೆದಿಟ್ಟಿದ್ದ. ಅವನನ್ನು ಏನೆಂದು ಬೈಯಲಿ? ನಾನು ತೆರೆದು ನೋಡಿದ ವರದಿಗಳೆಲ್ಲ ಪುಟ್ಟ ಹೆಸರಿನ ಮನೆಗಳವು. ಅಂಗಡಿಯ ಬಿಲ್ಲಿನಲ್ಲಿ 191 ಪುಟ ಎಂದಿತ್ತು. 180 ಮನೆಗೆ 191 ಪುಟ ಯಾಕೆ ಎಂದು ಕೇಳಿಕೊಳ್ಳದೆ ದುಡ್ಡು ಕೊಟ್ಟಿದ್ದೆ.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಫ್ಲೋರೈಡ್ ಮೊದಲ ಸಾಲಿಗೆ ಬಂತು. ಪುಟ ಒಡೆದರೆ ಹೆಸರೂ ತಲೆಬರಹವೂ ಪ್ರತಿ ಹಾಳೆಯಲ್ಲಿ ಮತ್ತೆ ಬರುವಂತೆ ಮಾಡಿದೆ. ಯಾವುದಾದರೂ ವರದಿ ಒಂದು ಪುಟ ದಾಟಿದರೆ ಪ್ರೋಗ್ರಾಂ ಅಲ್ಲೇ ನಿಂತು ಆ ಮನೆಯ ಸಂಖ್ಯೆ ಹೇಳುತ್ತದೆ. ಈಗ ಎಲ್ಲಕ್ಕಿಂತ ಉದ್ದದ ಹೆಸರಿನಿಂದಲೇ ಪರೀಕ್ಷೆ ಶುರು ಮಾಡುತ್ತೇನೆ.

ಹನ್ನೊಂದು ಮನೆಗೂ ನಾನೇ ಹೋದೆ. ಅಜ್ಜಿ ಹೊಸ ಹಾಳೆ ತೆಗೆದುಕೊಂಡು ಮೊದಲು ಹಿಂದೆ ತಿರುಗಿಸಿ ನೋಡಿದರು.

“ಇಷ್ಟೇನಾ, ಇನ್ನೊಂದೇನಾದ್ರೂ ಐತಾ?”

“ಇಷ್ಟೇ ಅಜ್ಜಿ.”

ಅವರು ಮೊಮ್ಮಗನನ್ನು ಕೂಗಿ, ಪೂರ್ತಿ ಓದು ಅಂದರು. ಅವನು ಓದಿ ಮುಗಿಸುವವರೆಗೂ ನಾನು ನಿಂತೇ ಇದ್ದೆ.