ಪೆಟ್ಟಿಗೆಯೊ? ಬೆನ್ನುಚೀಲವೊ?

ಪರದೇಶಕ್ಕೆ ಹೋಗುವವರು ನಮ್ಮ ಕಡೆ ಈಗ ಅಪರೂಪವೇನೂ ಅಲ್ಲ. ಹರಿಹರದಿಂದ ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ನಿಂತುಕೊಂಡು ಬರುವ ನಮ್ಮಂಥ ವಿದ್ಯಾರ್ಥಿಗಳ ಮನೆಗಳಿಂದಲೂ ಒಬ್ಬಿಬ್ಬರು ಸಮುದ್ರ ದಾಟಿದ್ದಾರೆ. ಆದರೆ ಹಾಗೆ ಹೋಗುವವರು ಸಾಮಾನನ್ನು ಯಾವುದರಲ್ಲಿ ತುಂಬಿಕೊಂಡು ಹೋಗಬೇಕೆಂಬ ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತ ಮೂಡಿಲ್ಲ. ಹರಿ ದೊಡ್ಡವನೋ ಹರ ದೊಡ್ಡವನೋ ಎಂಬ ಜಗಳವನ್ನು ನಮ್ಮೂರ ಹರಿಹರೇಶ್ವರನು ಒಂದೇ ವಿಗ್ರಹದಲ್ಲಿ ನಿಂತು ತೀರಿಸಿದ್ದಾನೆ. ಹೊಯ್ಸಳರ ದಂಡನಾಯಕ ಪೊಲಾಳ್ವನು ಅವನಿಗೆ ಗುಡಿ ಕಟ್ಟಿಸಿ ಎಂಟುನೂರು ವರ್ಷಗಳಾದುವು. ಸೂಟ್‌ಕೇಸಿನವರಿಗೂ ಬೆನ್ನುಚೀಲದವರಿಗೂ ನಡೆಯುವ ಜಗಳವನ್ನು ತೀರಿಸಲು ಅಂಥ ದೇವರು ಇನ್ನೂ ಅವತರಿಸಿಲ್ಲ.

ಈ ಜಗಳ ನಮ್ಮ ಮನೆಯಲ್ಲಿ ಒಂದು ತಿಂಗಳು ನಡೆಯಿತು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದ ನನ್ನ ಅಕ್ಕನಿಗೆ ಜರ್ಮನಿಯ ಆಖೆನ್ ಪಟ್ಟಣದಲ್ಲಿ ಮುಂದಿನ ವ್ಯಾಸಂಗಕ್ಕೆ ಸೀಟು ದೊರೆಯಿತು. ಅಲ್ಲಿ ಓದಲು ಹೋಗುವವರು ಒಂದು ವರ್ಷದ ಖರ್ಚಿಗೆಂದು 11,904 ಯೂರೋಗಳನ್ನು ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕೆಂಬ ನಿಯಮ 2024ರಲ್ಲಿ ಬಂದಿತ್ತು. ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿರುವ ನಮ್ಮ ಅಪ್ಪ ಆ ಹಣವನ್ನು ಹೊಂದಿಸಲು ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟರು. ಆ ವಿಷಯವಾಗಿ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ದೊಡ್ಡ ವಿಷಯಕ್ಕೆ ಮಾತು ಹೊರಡದೆ ಇದ್ದಾಗ ಜನ ಸಣ್ಣ ವಿಷಯವನ್ನು ಹಿಡಿದುಕೊಂಡು ವಾದಿಸುತ್ತಾರಷ್ಟೆ. ನಾವು ಹಿಡಿದುಕೊಂಡದ್ದು ಪೆಟ್ಟಿಗೆಯನ್ನು.

ಅಜ್ಜ ಪೆಟ್ಟಿಗೆಯ ಪಕ್ಷದವರು. 1941ರಲ್ಲಿ ಆರಂಭವಾಗಿ, ಸಾವಿರಾರು ಲೇತುಗಳನ್ನು ಮಾಡಿ ಕಳಿಸಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಅವರು ಟರ್ನರ್ ಆಗಿದ್ದವರು. ಅವರ ತಗಡಿನ ಟ್ರಂಕು ಇಂದಿಗೂ ಮಂಚದ ಕೆಳಗೆ ಇದೆ. ಬೀಗ ಹಾಕುವಂಥದ್ದೇ ಸಾಮಾನು, ಉಳಿದದ್ದೆಲ್ಲ ಗಂಟು ಎಂಬುದು ಅವರ ಸಿದ್ಧಾಂತ. ಆದರೆ ಆ ಟ್ರಂಕನ್ನು ಹರಿಹರದ ಸ್ಟೇಷನ್ನಿನಲ್ಲಿ ಅವರು ಒಮ್ಮೆಯಾದರೂ ತಾವೇ ಹೊತ್ತಿದ್ದಾರೆಯೇ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಹೊತ್ತವನು ಕೆಂಪು ಅಂಗಿಯ ಹಮಾಲಿ. ಪೆಟ್ಟಿಗೆಯ ಸ್ವಭಾವವೇ ಹಾಗೆ: ತನ್ನನ್ನು ಹೊರಲು ಇನ್ನೊಬ್ಬನು ಇದ್ದೇ ಇರುತ್ತಾನೆಂದು ಅದು ನಂಬಿಕೊಂಡಿರುತ್ತದೆ. ಹಡಗಿನ ಕಾಲದಲ್ಲಿ ಆ ನಂಬಿಕೆ ಸುಳ್ಳಾಗಲಿಲ್ಲ. ಹೊರುವವರು ಕಡಿಮೆಯಾದ ಮೇಲೆಯೇ ಪೆಟ್ಟಿಗೆಗೆ ಕಾಲು ಮೂಡಿದ್ದು. ಮನುಷ್ಯನು ಚಂದ್ರನ ಮೇಲೆ ನಡೆದದ್ದು 1969ರಲ್ಲಿ. ಸೂಟ್‌ಕೇಸಿಗೆ ಚಕ್ರ ಹಚ್ಚಿ ಅಮೆರಿಕದ ಬರ್ನಾರ್ಡ್ ಸ್ಯಾಡೋ ಪೇಟೆಂಟ್ ಪಡೆದದ್ದು 1972ರಲ್ಲಿ! ಗಂಡಸರು ಇದನ್ನು ಎಳೆದುಕೊಂಡು ಹೋಗಲಾರರೆಂದು ಅಂಗಡಿಯವರು ಮೊದಮೊದಲು ಅದನ್ನು ಬೇಡವೆಂದರಂತೆ. ಈಗ ಎಲ್ಲರೂ ಎಳೆಯುವ, ಉದ್ದನೆಯ ಹಿಡಿಯಿರುವ ಪೆಟ್ಟಿಗೆ ಬಂದದ್ದು 1987ರಲ್ಲಿ. ಅದನ್ನು ಮಾಡಿದವನು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ.

ಬೆನ್ನುಚೀಲದ ವಂಶ ಬೇರೆ. ಅದು ಹಮಾಲಿಯನ್ನು ಕಾಯುವುದಿಲ್ಲ. ಕಂಬಳಿ ಹೊದ್ದು ಕುರಿ ಹಿಂದೆ ನಡೆಯುವವನು, ಜೋಳಿಗೆ ಹಾಕಿಕೊಂಡು ಊರೂರು ತಿರುಗುವ ಜಂಗಮ, ಇವರೆಲ್ಲ ಅದರ ಹಿರಿಯರು. ಭಾರವೆಲ್ಲ ಹೆಗಲಿನ ಮೇಲೆಯೇ ಬೀಳುತ್ತಿತ್ತೆಂಬುದೊಂದು ಅದರ ದೋಷ. 1952ರಲ್ಲಿ ಡಿಕ್ ಕೆಲ್ಟಿ ಎಂಬ ಅಮೆರಿಕದವನು ಅಲ್ಯುಮಿನಿಯಮ್ ಚೌಕಟ್ಟು ಹಾಕಿ, ಸೊಂಟಕ್ಕೊಂದು ಪಟ್ಟಿ ಕೊಟ್ಟು, ಭಾರವನ್ನು ಸೊಂಟಕ್ಕೆ ಇಳಿಸಿದ ಚೀಲಗಳನ್ನು ಮಾರತೊಡಗಿದನು. ತುಂಗಭದ್ರೆಯ ದಡದಿಂದ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಂದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲವೆನ್ನಿ.

ಅಕ್ಕ ಈ ಎರಡನೆಯ ಪಕ್ಷದವಳು. ಅವಳ ಲೆಕ್ಕ ಸರಳವಾಗಿತ್ತು. ಟಿಕೆಟ್ಟಿನ ಪ್ರಕಾರ ತಲಾ 23 ಕಿಲೋ ತೂಕದ ಎರಡು ಪೆಟ್ಟಿಗೆ, ಕೈಯಲ್ಲಿ 8 ಕಿಲೋ ಒಯ್ಯಬಹುದು. ಒಟ್ಟು 54 ಕಿಲೋ. ಅವಳ ತೂಕವೇ 49. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಇಳಿದು, ಕೊಲೋನಿನಲ್ಲಿ ರೈಲು ಬದಲಿಸಿ, ಆಖೆನ್ನಿನಲ್ಲಿ ಹಳೆಯ ಮನೆಯೊಂದರ ನಾಲ್ಕನೆಯ ಮಹಡಿಗೆ ಹತ್ತಬೇಕು. ಮನೆಯಲ್ಲಿ ಲಿಫ್ಟ್ ಇಲ್ಲ. "ನನಗಿಂತ ಹೆಚ್ಚು ತೂಕದವರನ್ನ ನಾನು ಎತ್ತಿಕೊಂಡು ಹೋಗಬೇಕೇನು?" ಎಂದು ಅವಳು ಕೇಳಿದಾಗ ಅವ್ವನ ಬಳಿ ಉತ್ತರ ಸಿದ್ಧವಾಗಿತ್ತು. "ಅಲ್ಲಿ ರೊಟ್ಟಿ ಸಿಗ್ತತೇನು? ಶೇಂಗಾ ಚಟ್ನಿಪುಡಿ ಸಿಗ್ತತೇನು? ಬೆನ್ನಮ್ಯಾಲೆ ಹಾಕ್ಕೊಂಡ್ರೆ ರೊಟ್ಟಿ ಪುಡಿ ಆಗ್ತಾವು. ಪೆಟ್ಟಿಗೀನ ಬೇಕು."

ರೊಟ್ಟಿಯ ವಿಷಯದಲ್ಲಿ ಅವ್ವನ ಮಾತು ಸತ್ಯವಾದದ್ದು. ಕಟಕ ರೊಟ್ಟಿಗೆ ಗಟ್ಟಿ ಗೋಡೆಯ ಆಶ್ರಯ ಬೇಕು. ಆದರೆ ತುಪ್ಪದ ಡಬ್ಬಿಯ ವಿಷಯದಲ್ಲಿ ಅವಳು ಸೋಲಬೇಕಾಯಿತು. ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರಕೂಡದೆಂದು ಯೂರೋಪಿನ ಒಕ್ಕೂಟದ ಕಟ್ಟಳೆಯಿದೆ. ಉಪ್ಪಿನಕಾಯಿಯ ಶೀಸೆ ಕೈಚೀಲದಲ್ಲಿ ಹೋಗದು, ಪೆಟ್ಟಿಗೆಯಲ್ಲಿ ಹೋಗಬಹುದು; ಫೋನಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕ್ ಪೆಟ್ಟಿಗೆಯಲ್ಲಿ ಹೋಗದು, ಕೈಚೀಲದಲ್ಲಿಯೇ ಹೋಗಬೇಕು. ವಿಮಾನದವರ ಮಡಿ ಮೈಲಿಗೆ ನಮ್ಮ ಮಡಿ ಮೈಲಿಗೆಗಿಂತ ಸೂಕ್ಷ್ಮವಾದದ್ದೆಂದು ಅಜ್ಜ ನಕ್ಕರು.

ಒಂದು ಭಾನುವಾರ ನಾವೆಲ್ಲ ದಾವಣಗೆರೆಯ ಮಂಡಿಪೇಟೆಯ ಕಡೆ ಹೋದೆವು. (ಬೆಣ್ಣೆದೋಸೆಯ ಆಸೆಯೂ ಇತ್ತೆಂಬುದನ್ನು ಮುಚ್ಚಿಡುವುದೇಕೆ?) ಅಂಗಡಿಯವರು ನಮ್ಮ ಎರಡು ಪಕ್ಷಗಳನ್ನೂ ಕ್ಷಣದಲ್ಲಿ ಗುರುತಿಸಿ, ಚಕ್ರವೂ ಹೆಗಲ ಪಟ್ಟಿಯೂ ಎರಡೂ ಇರುವ ಒಂದು ಚೀಲವನ್ನು ಕೆಳಗಿಳಿಸಿದರು. "ನೋಡ್ರಿ ಯಜಮಾನ್ರೇ, ಬೇಕಂದ್ರೆ ಎಳೀಬಹುದು, ಬೇಕಂದ್ರೆ ಹೊರಬಹುದು. ತಂಗಿಗೆ ಇದಕ್ಕಿಂತ ಛಲೋದು ಇಲ್ಲ" ಎಂದರು. ಅಜ್ಜನ ಮುಖ ಅರಳಿತು. "ಇದು ನಮ್ಮೂರ ದೇವ್ರು ಕಣಪ್ಪ!" ಎಂದುಬಿಟ್ಟರು. ಅಕ್ಕ ಮಾತನಾಡದೆ ಅದನ್ನು ಬೆನ್ನಿಗೆ ಹಾಕಿಕೊಂಡು ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದಳು. ಖಾಲಿ ಚೀಲವೇ ಮೂರು ಕಿಲೋದಷ್ಟಿತ್ತು. ಎಳೆಯುವ ಕಂಬಿಗಳು ಬೆನ್ನಿಗೆ ಒತ್ತುತ್ತಿದ್ದುವು. ಚಕ್ರಗಳೋ ಮೊಣಕೈಯ ಅಂಕೆಯಷ್ಟೇ ಚಿಕ್ಕವು. ಹೊರುವಾಗ ಚಕ್ರದ ಭಾರ ದಂಡ, ಎಳೆಯುವಾಗ ಪಟ್ಟಿಯ ಭಾರ ದಂಡ. ಸಮನ್ವಯವೆಂಬುದು ಕಲ್ಲಿನಲ್ಲಿ ಚೆನ್ನಾಗಿ ಒಪ್ಪುತ್ತದೆ, ಬಟ್ಟೆಯಲ್ಲಿ ಒಪ್ಪುವುದಿಲ್ಲವೆಂದು ನನಗೆ ತೋರಿತು. ದೋಸೆ ತಿಂದು ಬರಿಗೈಯಲ್ಲಿ ಮರಳಿದೆವು.

ಇಷ್ಟು ದಿನವೂ ಅಪ್ಪ ಯಾವ ಪಕ್ಷವನ್ನೂ ವಹಿಸಿರಲಿಲ್ಲ. ಆ ರಾತ್ರಿ ಅವರು ನಮ್ಮ ಬೀದಿಯ ಒಬ್ಬ ಹುಡುಗನನ್ನು ಮನೆಗೆ ಕರೆದುಕೊಂಡು ಬಂದರು. ಅವನು 2022ರಲ್ಲಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದವನು. ಫೆಬ್ರವರಿ 24ರಂದು ಯುದ್ಧ ಆರಂಭವಾಯಿತು. ನೆಲಮಾಳಿಗೆಗಳಲ್ಲಿ ದಿನಗಳನ್ನು ಕಳೆದ ಮೇಲೆ, ಮಾರ್ಚ್ 2ರಂದು, ಖಾರ್ಕಿವ್‌ನಲ್ಲಿದ್ದ ಭಾರತೀಯರೆಲ್ಲ ಕೂಡಲೆ ಹೊರಡಬೇಕು, ವಾಹನ ಸಿಗದಿದ್ದರೆ ಕಾಲ್ನಡಿಗೆಯಲ್ಲಿಯೇ ಹೊರಡಬೇಕು, ಅಲ್ಲಿಯ ಸಂಜೆ ಆರು ಗಂಟೆಯೊಳಗೆ ಸುತ್ತಣ ಮೂರು ಊರುಗಳಲ್ಲಿ ಯಾವುದಾದರೊಂದನ್ನು ಸೇರಬೇಕು ಎಂದು ನಮ್ಮ ರಾಯಭಾರ ಕಚೇರಿ ತಿಳಿಸಿತು. ಪಿಸೋಚಿನ್ 11 ಕಿಲೋಮೀಟರು, ಬಾಬಾಯ್ 12, ಬೆಜ್ಲ್ಯೂದಿವ್ಕ 16. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರು. ಅಷ್ಟನ್ನು ಚಳಿಯಲ್ಲಿ, ಗುಂಡಿನ ಸದ್ದಿನ ನಡುವೆ ನಡೆಯುವುದೆಂದು ಊಹಿಸಿಕೊಳ್ಳಬೇಕು.

"ನಂದೂ ಎರಡು ಸೂಟ್‌ಕೇಸ್ ಇದ್ವು ಅಕ್ಕ" ಎಂದು ಅವನು ಹೇಳಿದನು. "ಹಾಸ್ಟೆಲ್ನಾಗೇ ಬಿಟ್ಟು ಬಂದೆ. ಚಕ್ರ ಇದ್ದೇನು ಮಾಡ್ತೀರಿ? ಬೆನ್ನಿಗೊಂದು ಚೀಲ ಇತ್ತು. ಪಾಸ್‌ಪೋರ್ಟು, ಮಾರ್ಕ್ಸ್ ಕಾರ್ಡು, ನೀರು, ಬಿಸ್ಕತ್ತು. ಪುಸ್ತಕ ತಗೊಂಡಿದ್ದೆ, ದಾರಿಯಾಗ ಅದನ್ನೂ ತೆಗೆದಿಟ್ಟೆ."

ಅಪ್ಪ ಅವನನ್ನು ಏಕೆ ಕರೆತಂದರೆಂಬುದು ಎಲ್ಲರಿಗೂ ತಿಳಿಯಿತು. ಹಿಂದಿನ ದಿನ, ಮಾರ್ಚ್ 1ರಂದು, ಅದೇ ಖಾರ್ಕಿವ್‌ನಲ್ಲಿ ತಿನ್ನುವ ಸಾಮಾನು ಕೊಳ್ಳಲು ಹೊರಗೆ ಬಂದಿದ್ದ ಚಳಗೇರಿಯ ವಿದ್ಯಾರ್ಥಿ ಮಡಿದಿದ್ದನು. ಚಳಗೇರಿ ನಮಗೆ ದೂರದ ಊರಲ್ಲ. ತುಂಗಭದ್ರೆಯ ಸೇತುವೆ ದಾಟಿ ರಾಣೆಬೆನ್ನೂರಿನ ಕಡೆ ಹೋಗುವ ರೈಲಿನಲ್ಲಿ ಅದರ ಸ್ಟೇಷನ್ನು ಕಾಣುತ್ತದೆ. ಅವನ ದೇಹ ಊರಿಗೆ ಬಂದದ್ದು ಮಾರ್ಚ್ 21ರಂದು. ತಂದೆತಾಯಿಗಳು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ, ಓದುವ ಮಕ್ಕಳಿಗೆ ಉಪಯೋಗವಾಗಲೆಂದು ಒಪ್ಪಿಸಿದರು. ಆ ದಿನ ಅಪ್ಪ ಊಟ ಮಾಡಿರಲಿಲ್ಲವೆಂದು ಅವ್ವ ಆಮೇಲೆ ನನಗೆ ಹೇಳಿದಳು. ಜರ್ಮನಿಯಲ್ಲಿ ಯುದ್ಧವಿಲ್ಲವಲ್ಲ ಎಂದು ಅಕ್ಕ ಅಪ್ಪನಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ.

ಹುಡುಗ ಹೋದ ಮೇಲೆ ಅಪ್ಪ ನೆಲದ ಮೇಲೆ ಎಲ್ಲ ಸಾಮಾನನ್ನೂ ಹರಡಿಸಿ, ಎರಡು ರಾಶಿ ಮಾಡಿಸಿದರು. ಕಳೆದುಹೋದರೆ ಮತ್ತೆ ಕೊಳ್ಳಬಹುದಾದದ್ದು ಒಂದು ಕಡೆ. ಕಳೆದುಹೋದರೆ ಕೊಳ್ಳಲಾಗದ್ದು ಇನ್ನೊಂದು ಕಡೆ. ಮೊದಲನೆಯ ರಾಶಿ ಅವ್ವನ ಎದೆಯ ಮಟ್ಟಕ್ಕೆ ಬಂತು. ಎರಡನೆಯದರಲ್ಲಿ ಪಾಸ್‌ಪೋರ್ಟು, ಪ್ರವೇಶಪತ್ರ, ಅಂಕಪಟ್ಟಿಗಳು, ಕನ್ನಡಕ, ಒಂದು ವಾರದ ಔಷಧಿ, ಲ್ಯಾಪ್‌ಟಾಪು, ಒಂದು ಜೊತೆ ಬಟ್ಟೆ, ಅಜ್ಜ ಕಾರ್ಖಾನೆಯಲ್ಲಿ ಬಳಸುತ್ತಿದ್ದ ಒಂದು ಚಿಕ್ಕ ಉಕ್ಕಿನ ಅಳತೆಪಟ್ಟಿ. ಅಜ್ಜ ಅದನ್ನು ಯಾವಾಗ ತಂದು ಅಲ್ಲಿಟ್ಟರೋ ಯಾರೂ ನೋಡಲಿಲ್ಲ. ಎರಡನೆಯ ರಾಶಿ ಆರೂವರೆ ಕಿಲೋ ಆಯಿತು.

ಆಮೇಲೆ ವಾದ ಉಳಿಯಲಿಲ್ಲ. ಸೊಂಟಪಟ್ಟಿಯಿರುವ ಒಂದು ಬೆನ್ನುಚೀಲವನ್ನೂ, ಎರಡಕ್ಕೆ ಬದಲು ಒಂದೇ ಒಂದು ಚಕ್ರದ ಸೂಟ್‌ಕೇಸನ್ನೂ ಕೊಂಡೆವು. ಎರಡನೆಯ ಪೆಟ್ಟಿಗೆಯ 23 ಕಿಲೋಗಳನ್ನು ಬಿಟ್ಟುಕೊಡುವುದು ಅವ್ವನಿಗೆ ಕೈಗೆ ಬಂದ ಆಸ್ತಿಯನ್ನು ಬಿಟ್ಟುಕೊಟ್ಟಂತೆ ಆಗಿ, ಎರಡು ದಿನ ಮುನಿಸಿಕೊಂಡಿದ್ದಳು. ಪೆಟ್ಟಿಗೆಯನ್ನು ಅಪ್ಪನ ಅಂಗಡಿಗೆ ಒಯ್ದು ಮೆಕ್ಕೆಜೋಳದ ಚೀಲ ತೂಗುವ ಕಾಟಾದ ಮೇಲೆ ಇಟ್ಟರು. 24 ಕಿಲೋ 300 ಗ್ರಾಂ. ಅಕ್ಕ ತನ್ನ ಎರಡು ಪುಸ್ತಕಗಳನ್ನು ತೆಗೆದಳು. ಚಟ್ನಿಪುಡಿಗೆ ಕೈಹಚ್ಚುವ ಧೈರ್ಯ ಯಾರಿಗೂ ಆಗಲಿಲ್ಲ.

ಆಖೆನ್ ಸೇರಿದ ಮರುದಿನ ಅವಳ ಫೋನು ಬಂತು. ಬೆನ್ನುಚೀಲ ಹಾಕಿಕೊಂಡು ನಾಲ್ಕು ಮಹಡಿ ಹತ್ತಿದಳಂತೆ. ಪೆಟ್ಟಿಗೆ ಮಾತ್ರ ಒಂದು ಮಹಡಿಯಿಂದ ಮೇಲೆ ಬರಲೊಲ್ಲದು. ಕೊನೆಗೆ ಬೆನ್ನುಚೀಲವನ್ನು ಕೋಣೆಯಲ್ಲಿ ಖಾಲಿ ಮಾಡಿ, ಕೆಳಗಿಳಿದು, ಮೆಟ್ಟಿಲ ಮೇಲೆಯೇ ಪೆಟ್ಟಿಗೆಯನ್ನು ತೆರೆದು, ಅದರ ಅರ್ಧವನ್ನು ಚೀಲದಲ್ಲಿ ತುಂಬಿ ಮೂರು ಸಲ ಹೊತ್ತಳಂತೆ. ನಾಲ್ಕನೆಯ ಸಲ ಹಗುರಾದ ಪೆಟ್ಟಿಗೆಯೇ ಅವಳ ಕೈಯಲ್ಲಿ ಮೇಲೆ ಬಂತು. "ರೊಟ್ಟಿ?" ಎಂದು ಅವ್ವ ಕೇಳಿದಳು. ನಾಲ್ಕು ಮುರಿದಿದ್ದುವು, ಉಳಿದದ್ದೆಲ್ಲ ಸರಿಯಾಗಿದ್ದುವು.